ಲಸಿಕೆಯ ಸಾಲಿನಲ್ಲೇ ಸೀಸದ ಪರೀಕ್ಷೆ



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಶಿಕ್ಷಕಿ ತಮ್ಮ ನೌಕರಿಯ ಬಹುಪಾಲನ್ನು ಒಂದನೆಯ ಮತ್ತು ಎರಡನೆಯ ತರಗತಿಯಲ್ಲೇ ಕಳೆದರೆಂದು ಅವರ ಮಕ್ಕಳು ನನಗೆ ಹೇಳಿದರು. ಅದನ್ನು ಕೇಳಿದ ಮೇಲೆ ಏನು ಮಾತಾಡಲಿ ಎಂದು ನಾನು ಹುಡುಕಬೇಕಾಗಲಿಲ್ಲ. ಒಂದನೆಯ ತರಗತಿಗೆ ಪಾಠ ಮಾಡಿದ ಯಾರನ್ನಾದರೂ ಕೇಳಿ ನೋಡಿ. ಪ್ರತಿ ವರ್ಷ ಇಬ್ಬರು ಮೂವರು ಮಕ್ಕಳು ಇದ್ದೇ ಇರುತ್ತಾರೆ. ನಿನ್ನೆ ಕಲಿಸಿದ ಅಕ್ಷರ ಇವತ್ತು ನೆನಪಿರುವುದಿಲ್ಲ, ಕೂತಲ್ಲಿ ಕೂರಲು ಆಗುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು. ಅಂಥ ಮಗುವಿಗೆ ಊರು ಬಲುಬೇಗ ಒಂದು ಹೆಸರು ಅಂಟಿಸುತ್ತದೆ. ಆ ಹೆಸರು ಏನೆಂದು ನಾನು ಹೇಳಬೇಕಾಗಿಲ್ಲ. ಆದರೆ ಅದರ ಹಿಂದೆ ಬೇರೆ ಕಾರಣವೂ ಇರಬಹುದು.

1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ಮಕ್ಕಳ ವೈದ್ಯರು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ತಾವು ನಡೆಸಿದ ಒಂದು ಅಧ್ಯಯನವನ್ನು ಪ್ರಕಟಿಸಿದರು. ನಮ್ಮಲ್ಲಿ ಹಾಲುಹಲ್ಲು ಬಿದ್ದರೆ ಸಗಣಿಯುಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯುತ್ತಿದ್ದೆವಲ್ಲ, ಅಂಥ ಹಲ್ಲುಗಳನ್ನು ಅವರು ಒಂದನೆಯ ಮತ್ತು ಎರಡನೆಯ ತರಗತಿಯ ಮಕ್ಕಳಿಂದ ಕೇಳಿ ಪಡೆದರು. ಹಲ್ಲಿನಲ್ಲಿ ಎಷ್ಟು ಸೀಸವಿದೆ ಎಂದು ಅಳೆದರು. ಅದರ ಜೊತೆಗೆ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ಬಗ್ಗೆ ಅವರ ಟೀಚರುಗಳನ್ನು ವಿಚಾರಿಸಿದರು: ಈ ಮಗು ಗಮನ ಕೊಡುತ್ತದೆಯೇ, ಹೇಳಿದ ಕೆಲಸವನ್ನು ಮುಗಿಸುತ್ತದೆಯೇ? ಯಾವ ಹಲ್ಲಿನಲ್ಲಿ ಎಷ್ಟು ಸೀಸವಿದೆ ಎಂಬುದು ಟೀಚರುಗಳಿಗೆ ಗೊತ್ತಿರಲಿಲ್ಲ. ಆದರೂ ಹಲ್ಲಿನ ಸೀಸ ಏರಿದಂತೆ ಟೀಚರರ ದೂರೂ ಮೆಟ್ಟಿಲು ಮೆಟ್ಟಿಲಾಗಿ ಏರಿತ್ತು. ಆ ಮಕ್ಕಳಲ್ಲಿ ಯಾರೂ ಆಸ್ಪತ್ರೆ ಸೇರಿದವರಲ್ಲ, ಯಾರಿಗೂ ಕಾಯಿಲೆಯಾಗಿರಲಿಲ್ಲ. ನೋಡುವವರ ಕಣ್ಣಿಗೆ ಆರೋಗ್ಯವಂತ ಮಕ್ಕಳೇ.

ಇದನ್ನು ನಾನು ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗಲೇ ಓದಿದ್ದೆ. ಓದಿಯೂ ತಪ್ಪು ಮಾಡಿದೆ. ಮೊದಲು ಆ ತಪ್ಪನ್ನು ಹೇಳುತ್ತೇನೆ.

ನಾನು ಸರ್ಕಾರಿ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿದ್ದಾಗ ನಾಲ್ಕು ವರ್ಷದ ಒಬ್ಬ ಹುಡುಗನನ್ನು ಅವನ ತಾಯಿ ಕರೆತಂದರು. ಹೊಟ್ಟೆನೋವು, ಮಲಬದ್ಧತೆ, ಕಣ್ಣರೆಪ್ಪೆ ಬಿಡಿಸಿ ನೋಡಿದರೆ ಬಿಳಿಚಿಕೊಂಡಿತ್ತು. ರಕ್ತಹೀನತೆ ನಮ್ಮಲ್ಲಿ ಅಪರೂಪವೇನಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ಅದಿದೆ. ಜಂತುಹುಳದ ಮಾತ್ರೆ, ಕಬ್ಬಿಣದ ಸಿರಪ್ ಬರೆದುಕೊಟ್ಟೆ. ತಿಂಗಳ ಮೇಲೆ ಮತ್ತೆ ಬಂದರು, ಅದನ್ನೇ ಬರೆದೆ. ಮೂರನೆಯ ಸಲ ಬಂದಾಗ ಆ ತಾಯಿ, "ಡಾಕ್ಟ್ರೇ, ಇವ್ನು ಗೋಡೆ ಕೆರ್ಕೊಂಡು ತಿಂತಾನೆ, ನೆಲದ್ ಮಣ್ಣೂ ಬಿಡಲ್ಲ" ಅಂದರು. ಮಣ್ಣು ತಿನ್ನುವುದು ಕಬ್ಬಿಣ ಕಡಿಮೆಯಾದ ಮಕ್ಕಳ ಚಾಳಿ ಎಂದು ಸಮಾಧಾನ ಹೇಳಿ ಕಳಿಸಬೇಕೆಂದಿದ್ದವನು, ಅದೇನೋ ಅವತ್ತು, "ಯಜಮಾನ್ರು ಏನು ಕೆಲಸ ಮಾಡ್ತಾರಮ್ಮ?" ಎಂದು ಕೇಳಿದೆ. ಹಳೆಯ ಬ್ಯಾಟರಿ ಒಡೆಯುವ ಕೆಲಸ. ಗುಜರಿ ಅಂಗಡಿಯಿಂದ ತಂದು, ಮನೆಯ ಹಿತ್ತಲಲ್ಲೇ ಸೀಸದ ಪ್ಲೇಟುಗಳನ್ನು ಬಿಡಿಸಿ, ಕಬ್ಬಿಣದ ಬಾಣಲೆಯಲ್ಲಿ ಕರಗಿಸಿ ಗಟ್ಟಿ ಮಾಡಿ ಮಾರುತ್ತಿದ್ದರು. ಮಗು ತಿನ್ನುತ್ತಿದ್ದದ್ದು ಆ ಹಿತ್ತಲಿನ ಮಣ್ಣು.

ರಕ್ತದ ಮಾದರಿಯನ್ನು ಬೆಂಗಳೂರಿಗೆ ಕಳಿಸಬೇಕಾಯಿತು. ಪರೀಕ್ಷೆಗೆ ತಗಲಿದ ಹಣ ಆ ತಂದೆಯ ಮೂರು ದಿನದ ದುಡಿಮೆ. ಹತ್ತು ದಿನ ಕಾದ ಮೇಲೆ ಚೀಟಿ ಬಂತು: 38.

ಡೆಸಿಲೀಟರ್ ರಕ್ತದಲ್ಲಿ, ಎಂದರೆ ನೂರು ಮಿಲಿಲೀಟರಿನಲ್ಲಿ, 38 ಮೈಕ್ರೋಗ್ರಾಂ ಸೀಸ ಎಂದು ಅದರ ಅರ್ಥ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಮೈಕ್ರೋಗ್ರಾಂ. ಇಷ್ಟು ಸಣ್ಣದಕ್ಕೆ ಇಷ್ಟೊಂದು ಭಯವೇಕೆ? ಸೀಸವು ಕ್ಯಾಲ್ಸಿಯಂ, ಕಬ್ಬಿಣಗಳ ವೇಷ ಹಾಕಿಕೊಂಡು ದೇಹದೊಳಗೆ ಬರುತ್ತದೆ. ಕರುಳು ಅದನ್ನು ಗುರುತಿಸದೆ ಒಳಗೆ ಬಿಟ್ಟುಕೊಳ್ಳುತ್ತದೆ. ದೊಡ್ಡವರ ಹೊಟ್ಟೆಗೆ ಹೋದ ಸೀಸದಲ್ಲಿ ಹತ್ತನೆಯ ಒಂದು ಭಾಗ ರಕ್ತಕ್ಕೆ ಸೇರಿದರೆ, ಎಳೆಯ ಮಕ್ಕಳಲ್ಲಿ ಸುಮಾರು ಅರ್ಧವೇ ಸೇರುತ್ತದೆ. ಮಗುವಿನ ದೇಹದಲ್ಲಿ ಕಬ್ಬಿಣ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಆಮೇಲೆ ಆ ಸೀಸವೇ ಹೊಸ ರಕ್ತ ಆಗದಂತೆ ತಡೆಯುತ್ತದೆ. ಹೀಗೆ ರಕ್ತಹೀನತೆ ಸೀಸವನ್ನು ಕರೆಯುತ್ತದೆ, ಸೀಸ ರಕ್ತಹೀನತೆಯನ್ನು ಬೆಳೆಸುತ್ತದೆ. ನಾನು ಸುಮ್ಮನೆ ಕಬ್ಬಿಣದ ಸಿರಪ್ ಬರೆಯುತ್ತಿದ್ದದ್ದು ಈ ಸುಳಿಯ ಹೊರಗಡೆ ನಿಂತು.

ರಕ್ತದಲ್ಲಿ ಸೀಸ ತಿಂಗಳೊಪ್ಪತ್ತು ಇರುತ್ತದೆ, ಆಮೇಲೆ ಮೂಳೆಯಲ್ಲಿ ಹೋಗಿ ಕೂರುತ್ತದೆ, ಅಲ್ಲಿ ದಶಕಗಳ ಕಾಲ ಉಳಿಯುತ್ತದೆ. ಸೀಸ ಹೊಕ್ಕ ಹೆಣ್ಣುಮಗು ಬೆಳೆದು ಬಸುರಿಯಾದಾಗ ಮೂಳೆ ಕರಗಿ, ತನ್ನ ಬಾಲ್ಯದ ಸೀಸವನ್ನು ಹೊಟ್ಟೆಯ ಕೂಸಿಗೆ ಕೊಡುತ್ತಾಳೆ. ಮಿದುಳಿಗಂತೂ ಅದು ಮಾಡುವ ಹಾನಿ ತಿರುಗಿ ಬರುವಂಥದ್ದಲ್ಲ. 2005ರಲ್ಲಿ ಏಳು ಅಧ್ಯಯನಗಳ 1,333 ಮಕ್ಕಳ ವಿವರವನ್ನು ಒಟ್ಟುಗೂಡಿಸಿ ನೋಡಿದಾಗ ಒಂದು ಕಹಿ ಸತ್ಯ ಕಂಡಿತು. ಸೀಸದ ಮಟ್ಟ 2.4ರಿಂದ 10ಕ್ಕೆ ಏರುವಷ್ಟರಲ್ಲಿ ಬುದ್ಧಿಮಾಪನದಲ್ಲಿ ಸುಮಾರು 4 ಅಂಕ ಕಳೆದುಹೋಗಿತ್ತು. ಅದರ ಮೇಲಿನ ಏರಿಕೆಯಲ್ಲಿ ನಷ್ಟದ ವೇಗ ಇಷ್ಟಿರಲಿಲ್ಲ. ಎಂದರೆ ದೊಡ್ಡ ಪೆಟ್ಟು ಬೀಳುವುದು ಮೊದಲ ಕೆಲವು ಮೈಕ್ರೋಗ್ರಾಮಿನಲ್ಲಿ, ಹೊಟ್ಟೆನೋವೂ ಇಲ್ಲದ, ಯಾರೂ ಡಾಕ್ಟರ ಬಳಿ ಕರೆದೊಯ್ಯದ ಮಟ್ಟದಲ್ಲಿ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎಚ್ಚರಿಕೆಯ ಗೆರೆಯನ್ನು ಕೆಳಗಿಳಿಸುತ್ತ ಬಂದ ರೀತಿಯಲ್ಲೂ ಇದನ್ನು ಕಾಣಬಹುದು. 1975ರಲ್ಲಿ 30, 1985ರಲ್ಲಿ 25, 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5. ವಿಶ್ವ ಆರೋಗ್ಯ ಸಂಸ್ಥೆ 5 ಮುಟ್ಟಿದ ಕೂಡಲೇ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಎನ್ನುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟ ಯಾವುದೂ ಇಲ್ಲ ಎಂದೂ ಹೇಳುತ್ತದೆ.

ಸೀಸದ ಮಾತು ಬಂದರೆ ನಮ್ಮ ಕಡೆಯ ತಂದೆತಾಯಿಯರು ಪೆನ್ಸಿಲ್ ಕಚ್ಚುವ ಮಗುವಿನ ಬಗ್ಗೆ ಚಿಂತಿಸುತ್ತಾರೆ. ಸೀಸದಕಡ್ಡಿ ಎಂಬ ಹೆಸರು ಮಾಡಿದ ಗೊಂದಲವಿದು. ಅದರೊಳಗಿರುವುದು ಗ್ರಾಫೈಟ್, ಸೀಸವಲ್ಲ. ನಿಜವಾದ ಸೀಸ ಬೇರೆ ಕಡೆ ಇದೆ. ಸೀಸ ಬೆರೆಸಿದ ಪೆಟ್ರೋಲ್ 2000ನೇ ಇಸವಿಯಲ್ಲಿ ನಮ್ಮ ದೇಶದಿಂದ ಹೋಯಿತು. ಅದಕ್ಕೆ ಸ್ವಲ್ಪ ಮೊದಲು, 1999ರ ಹೊತ್ತಿಗೆ, ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ 10ಕ್ಕೂ ಮೀರಿ ಸೀಸ ಕಂಡಿತ್ತು. ಆ ಕೆಲಸದ ಬೆನ್ನೆಲುಬಾಗಿದ್ದವರು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್. ಸೀಸದ ವಿಷಕ್ಕಾಗಿಯೇ ಒಂದು ರಾಷ್ಟ್ರೀಯ ರೆಫರಲ್ ಕೇಂದ್ರ ನಮ್ಮ ರಾಜಧಾನಿಯಲ್ಲೇ ಕಟ್ಟಿಕೊಂಡಿತೆಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕು. ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದೆ ಬಳಿದ ಕಿಟಕಿ, ಬಾಗಿಲು, ತೊಟ್ಟಿಲುಗಳ ಬಣ್ಣ ಇನ್ನೂ ಉದುರುತ್ತಲೇ ಇದೆ.

ಅಡುಗೆಮನೆಯ ಕಡೆಗೂ ನೋಡಬೇಕು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬಳಸಬೇಕಾದದ್ದು ತವರ. ತವರ ದುಬಾರಿ, ಸೀಸ ಅಗ್ಗ, ಎರಡೂ ಬೆಳ್ಳಗೆ ಹೊಳೆಯುತ್ತವೆ. ಬೆರಕೆಯ ಕಲಾಯಿಯ ಪಾತ್ರೆಯಲ್ಲಿ ಹುಣಸೆಹುಳಿಯ ಸಾರು ಕುದಿಸಿದರೆ ಹುಳಿ ಸೀಸವನ್ನು ಕರಗಿಸಿಕೊಳ್ಳುತ್ತದೆ. ಅರಿಸಿನದ ಕೊಂಬು ಹಳದಿಯಾಗಿ ಮಿನುಗಲೆಂದು ಕೆಲವೆಡೆ ಸೀಸದ ಕ್ರೋಮೇಟ್ ಎಂಬ ಬಣ್ಣ ಸವರುತ್ತಾರೆ. ನಮ್ಮ ಆಹಾರ ಪ್ರಾಧಿಕಾರ ಅರಿಸಿನಕ್ಕೆ ಹಾಕಿರುವ ಮಿತಿ ಗ್ರಾಮಿಗೆ 10 ಮೈಕ್ರೋಗ್ರಾಂ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪಾಟ್ನಾದ ಕೆಲವು ಮಾದರಿಗಳಲ್ಲಿ ಸಾವಿರವನ್ನೂ ಮೀರಿ ಕಂಡಿತು. ಪುಡಿ ಬೇಡ, ಕೊಂಬನ್ನೇ ತಂದು ಕುಟ್ಟುತ್ತೇವೆ ಎನ್ನುವವರು ಗಮನಿಸಬೇಕು: ಬಣ್ಣ ಸವರುವುದು ಕೊಂಬಿಗೇ. ಇದು ತಿದ್ದಲಾಗದ ಚಾಳಿಯೇನಲ್ಲ. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಅರಿಸಿನದ ಮಾದರಿಗಳಲ್ಲಿ ಶೇ. 47ರಷ್ಟರಲ್ಲಿ ಸೀಸವಿತ್ತು. ಸರ್ಕಾರ ದಾಳಿ ಮಾಡಿತು, ದಂಡ ಹಾಕಿತು, ಊರೂರಿಗೆ ತಿಳಿಹೇಳಿತು. 2021ರಲ್ಲಿ ಅಳೆದಾಗ ಸೊನ್ನೆ. ಕೆಲವು ಬಗೆಯ ಸಿಂಧೂರ, ಸುರ್ಮಾ, ನಾಗಭಸ್ಮ ಸೇರಿದ ರಸೌಷಧಿಗಳು ಕೂಡ ಇದೇ ಸಾಲಿಗೆ ಸೇರುತ್ತವೆ. ಇನ್ನೊಂದು ಮಾತು, ಸಂತೋಷದ್ದು. ಅರಗು ಮತ್ತು ಗಿಡಮೂಲದ ಬಣ್ಣ ಹಾಕಿ ಮಾಡಿದ ಸಾಂಪ್ರದಾಯಿಕ ಚನ್ನಪಟ್ಟಣದ ಗೊಂಬೆಯನ್ನು ಮಗು ಬಾಯಿಗಿಟ್ಟರೆ ಹೆದರಬೇಕಾಗಿಲ್ಲ.

2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಕೊಟ್ಟ ಅಂದಾಜಿನಂತೆ ರಕ್ತದಲ್ಲಿ 5 ಮೈಕ್ರೋಗ್ರಾಂ ದಾಟಿದ ಮಕ್ಕಳು ಭಾರತದಲ್ಲಿ ಸುಮಾರು 27.5 ಕೋಟಿ. ಅಂದಾಜು ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ಏಕೆಂದರೆ ನಾವು ಅಳೆದಿಲ್ಲ. ನಮ್ಮ ಯಾವ ಮಗುವಿನ ತಾಯಿ ಕಾರ್ಡಿನಲ್ಲೂ ಸೀಸಕ್ಕೊಂದು ಖಾನೆಯಿಲ್ಲ.

ಕೆಲವು ವರ್ಷಗಳ ಹಿಂದೆ ಮೈಸೂರಿನ ಒಬ್ಬ ಅಜ್ಜಿ ನನಗೆ ಒಂದು ಪ್ರಶ್ನೆ ಕೇಳಿದರು. ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋಗಿ ಬಂದವರು. "ಅಲ್ಲಿ ಮೊಮ್ಮಗಳಿಗೆ ವರ್ಷ ತುಂಬುತ್ತಲೂ ಸೀಸದ ಪರೀಕ್ಷೆ ಅಂತ ಬೆರಳು ಚುಚ್ಚಿದ್ರು ಡಾಕ್ಟ್ರೇ. ಎರಡು ವರ್ಷಕ್ಕೆ ಇನ್ನೊಂದ್ಸಲ ಬನ್ನಿ ಅಂದ್ರು. ನಮ್ಮನೆ ಕೆಲಸದವಳ ಮಗೂನೂ ಅದೇ ವಯಸ್ಸು. ಅದಕ್ಕೆಲ್ಲಿ ಮಾಡಿಸ್ಲಿ?" ಆಗ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಇವತ್ತಿನ ಉಪನ್ಯಾಸ ಆ ಅಜ್ಜಿಗೆ ತಡವಾಗಿ ಕೊಡುತ್ತಿರುವ ಉತ್ತರ.

ನ್ಯೂಜೆರ್ಸಿಯಲ್ಲಿ ಒಂದು ಮತ್ತು ಎರಡು ವರ್ಷದ ಎಲ್ಲ ಮಕ್ಕಳಿಗೂ ಈ ಪರೀಕ್ಷೆ ಕಡ್ಡಾಯ. ಅಮೆರಿಕದ ಉಳಿದ ಕಡೆಗಳಲ್ಲೂ ಬಡ ಕುಟುಂಬಗಳ ಮೆಡಿಕೇಯ್ಡ್ ವಿಮೆಯಲ್ಲಿರುವ ಮಗುವಿಗೆ 12ನೇ ಮತ್ತು 24ನೇ ತಿಂಗಳಲ್ಲಿ ಪುಕ್ಕಟೆಯಾಗಿ ಮಾಡಲೇಬೇಕು. ವಿಮೆ ಇಲ್ಲದವರಿಗೆ ಸಮುದಾಯ ಆರೋಗ್ಯ ಕೇಂದ್ರಗಳಿವೆ, ಅಲ್ಲಿ ಆದಾಯ ನೋಡಿ ಶುಲ್ಕ. ಒಂದು, ಎರಡು ವರ್ಷವೇ ಏಕೆಂದರೆ ಮಗು ಅಂಬೆಗಾಲಿಡುವ, ನೆಲದ ಧೂಳನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ವಯಸ್ಸದು. ರಕ್ತದ ಸೀಸ ತುದಿ ಮುಟ್ಟುವುದೂ ಎರಡು ವರ್ಷದ ಆಸುಪಾಸಿನಲ್ಲಿ.

ಆ ದೇಶದ ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಮಿಶಿಗನ್ ರಾಜ್ಯದ ಫ್ಲಿಂಟ್ ಎಂಬ ಊರಿನಲ್ಲಿ ಖರ್ಚು ಉಳಿಸಲೆಂದು 2014ರ ಏಪ್ರಿಲ್‌ನಲ್ಲಿ ನದಿಯ ನೀರನ್ನು ನಲ್ಲಿಗಳಿಗೆ ಬಿಟ್ಟರು. ಕೊಳವೆ ಸವೆಯದಂತೆ ಹಾಕಬೇಕಾದ ರಾಸಾಯನಿಕವನ್ನು ಹಾಕಲಿಲ್ಲ. ಹಳೆಯ ಸೀಸದ ಕೊಳವೆಗಳು ಕರಗಿ ಕುಡಿಯುವ ನೀರಿಗೆ ಸೇರಿದವು. ನೀರು ಸುರಕ್ಷಿತ ಎಂದು ಅಧಿಕಾರಿಗಳು ಹೇಳುತ್ತಲೇ ಇದ್ದರು. ಅಲ್ಲಿನ ಮಕ್ಕಳ ವೈದ್ಯೆ ಮೋನಾ ಹನ್ನಾ ಅಟಿಶಾ ತಮ್ಮ ಆಸ್ಪತ್ರೆಯ ದಾಖಲೆಗಳನ್ನು ತೆಗೆದು ಕೂತರು. ವಾಡಿಕೆಯಂತೆ ಬೆರಳು ಚುಚ್ಚಿ ಬರೆದಿಟ್ಟ ಅಂಕಿಗಳು ಅಲ್ಲಿದ್ದವು. ನೀರು ಬದಲಾದ ಮೇಲೆ 5 ಮೈಕ್ರೋಗ್ರಾಂ ದಾಟಿದ ಮಕ್ಕಳ ಪ್ರಮಾಣ ಶೇ. 2.4ರಿಂದ 4.9ಕ್ಕೆ ಏರಿತ್ತು. 2015ರ ಸೆಪ್ಟೆಂಬರ್ 24ರಂದು ಅವರು ಪತ್ರಕರ್ತರ ಮುಂದೆ ಅದನ್ನಿಟ್ಟರು. ಮೊದಲು ಹೀಗಳೆದವರು ಆಮೇಲೆ ಒಪ್ಪಿಕೊಳ್ಳಬೇಕಾಯಿತು, ಮುಂದಿನ ತಿಂಗಳೇ ಊರಿನ ನೀರು ಬದಲಾಯಿತು. ಈ ಕತೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ವೈದ್ಯೆಯ ಧೈರ್ಯದಷ್ಟೇ ಆ ದಾಖಲೆ ಪುಸ್ತಕ. ಓಣಿಯ ಕ್ಲಿನಿಕ್‌ನಲ್ಲಿ ಯಾರೋ ನರ್ಸ್ ಒಂದೊಂದು ಮಗುವಿನದೂ ಅಳೆದು ಬರೆದಿಡದೆ ಹೋಗಿದ್ದರೆ ಆ ವೈದ್ಯೆಯ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ನಮ್ಮ ಯಾವ ಬಡಾವಣೆಯಲ್ಲಿ ಇಂಥದ್ದು ನಡೆದರೂ ಇವತ್ತು ನಮ್ಮ ಕೈಯಲ್ಲಿ ಏನೂ ಇಲ್ಲ.

ಪರೀಕ್ಷೆ ಅಂಥ ದೊಡ್ಡದೇನಲ್ಲ. ಸಕ್ಕರೆ ನೋಡಿಕೊಳ್ಳುವವರಿಗೆ ಪರಿಚಯವಿರುವಂಥದ್ದೇ: ಬೆರಳ ತುದಿಯಿಂದ ಒಂದೆರಡು ಹನಿ ರಕ್ತ, ಒಂದು ಪಟ್ಟಿ, ಮೇಜಿನ ಮೇಲಿಡುವ ಸಣ್ಣ ಯಂತ್ರ, ಮೂರು ನಿಮಿಷ. ದೊಡ್ಡ ಪ್ರಯೋಗಾಲಯವಿಲ್ಲದ ಸಾಮಾನ್ಯ ಕ್ಲಿನಿಕ್‌ಗಳಲ್ಲೂ ಬಳಸಲು ಅಂಥ ಯಂತ್ರಕ್ಕೆ ಅಮೆರಿಕದಲ್ಲಿ 2006ರಲ್ಲೇ ಒಪ್ಪಿಗೆ ಸಿಕ್ಕಿತು. ದೋಷವೂ ಉಂಟು. ಇರುವುದಕ್ಕಿಂತ ಕಡಿಮೆ ತೋರಿಸುತ್ತವೆಂದು 2021ರಲ್ಲಿ ಕೆಲವು ಕಿಟ್‌ಗಳನ್ನು ಹಿಂದಕ್ಕೆ ಕರೆಸಿಕೊಂಡರು. ಬೆರಳಿನ ಮೇಲಿನ ಧೂಳು ಹನಿಗೆ ಸೇರಿದರೆ ಹೆಚ್ಚಾಗಿಯೂ ತೋರಿಸಬಹುದು. ಅದಕ್ಕೇ ಮಗುವಿನ ಕೈಯನ್ನು ಸೋಪು ಹಾಕಿ ತೊಳೆದು, ಗಾಳಿಗೆ ಒಣಗಿಸಿ, ಮೊದಲ ಹನಿಯನ್ನು ಒರೆಸಿ, ಆಮೇಲಿನದನ್ನು ತೆಗೆಯಬೇಕು. ಹೆಚ್ಚು ಬಂದರೆ ತೋಳಿನ ರಕ್ತನಾಳದಿಂದ ಮತ್ತೊಮ್ಮೆ ತೆಗೆದು ಪ್ರಯೋಗಾಲಯಕ್ಕೆ ಕಳಿಸಿ ಖಚಿತ ಮಾಡಿಕೊಳ್ಳಬೇಕು.

ಇದಕ್ಕೆ ಹೊಸ ಇಲಾಖೆ ಬೇಡ, ಹೊಸ ಕಟ್ಟಡ ಬೇಡ. ನಮ್ಮ ಮಗು 9ರಿಂದ 12 ತಿಂಗಳೊಳಗೆ ದಡಾರ ರುಬೆಲ್ಲಾ ಲಸಿಕೆಗೆ ಬರುತ್ತದೆ. ಅದರ ಎರಡನೆಯ ಡೋಸಿಗೆ 16ರಿಂದ 24 ತಿಂಗಳೊಳಗೆ ಮತ್ತೆ ಬರುತ್ತದೆ. ಸೀಸ ನೋಡಬೇಕಾದ ವಯಸ್ಸೂ ಹೆಚ್ಚು ಕಡಿಮೆ ಇದೇ! ಆಶಾ ಕಾರ್ಯಕರ್ತೆ ಮನೆಗೆ ಹೋಗಿ ತಾಯಿಯನ್ನು ಕರೆದಾಗಿದೆ, ಮಗು ಸಾಲಿನಲ್ಲಿ ಬಂದು ನಿಂತಾಗಿದೆ. ಲಸಿಕೆಯ ಸೂಜಿ ಚುಚ್ಚುವ ಅಕ್ಕನೇ ಬೆರಳನ್ನೂ ಚುಚ್ಚಬಲ್ಲಳು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಬರುತ್ತವೆ. ಅವರು ಗಮನಿಸಬೇಕಾದ 30 ತೊಂದರೆಗಳ ಮೂಲ ಪಟ್ಟಿಯಲ್ಲಿ ರಕ್ತಹೀನತೆ ಇದೆ, ಬೆಳವಣಿಗೆಯ ವಿಳಂಬ ಇದೆ, ಎರಡಕ್ಕೂ ಕಾರಣವಾಗಬಲ್ಲ ಸೀಸ ಇಲ್ಲ. ನಗರಗಳಲ್ಲಿ 2022ರ ಡಿಸೆಂಬರಿನಿಂದ 'ನಮ್ಮ ಕ್ಲಿನಿಕ್' ಎಂಬ ಹೆಸರಿನ ಸರ್ಕಾರಿ ಕ್ಲಿನಿಕ್‌ಗಳು ಬಂದಿವೆ. ಕೂಲಿ ಮಾಡುವವರ ಓಣಿಗೆ ಹತ್ತಿರವಿರುವ ಸರ್ಕಾರಿ ಬಾಗಿಲು ಅದು. ಹಿಮೋಗ್ಲೋಬಿನ್ ಅಲ್ಲಿ ಪುಕ್ಕಟೆಯಾಗಿ ನೋಡುತ್ತಾರೆ. ಅದೇ ಮೇಜಿನ ಮೇಲೆ ಸೀಸದ ಯಂತ್ರಕ್ಕೂ ಜಾಗವಿದೆ.

ಎಲ್ಲ ಕಡೆ ಒಂದೇ ದಿನ ಆಗದಿದ್ದರೆ ಬ್ಯಾಟರಿ ಒಡೆಯುವ, ಗುಜರಿ ಕರಗಿಸುವ, ಹಳೆಯ ಎಲೆಕ್ಟ್ರಾನಿಕ್ ಸಾಮಾನು ಬಿಡಿಸುವ ಓಣಿಗಳಿಂದ ಶುರುಮಾಡಲಿ. ಯಂತ್ರ ಇಲ್ಲದ ಕಡೆ ಮೊದಲು ಪ್ರಶ್ನೆಯನ್ನಾದರೂ ಕೇಳೋಣ: ಅಪ್ಪನ ಕೆಲಸವೇನು, ಕೆಲಸದ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳುತ್ತಾರೆಯೇ, ಬಣ್ಣ ಉದುರುವ ಗೋಡೆಯಿದೆಯೇ, ಮಗು ಮಣ್ಣು ತಿನ್ನುತ್ತದೆಯೇ? ಈ ಪ್ರಶ್ನೆಗಳಿಗೆ ಕಾಸು ಖರ್ಚಿಲ್ಲ. ನಾನು ಅವನ್ನು ಮೊದಲ ದಿನವೇ ಕೇಳಿದ್ದರೆ ಆ ಹುಡುಗನಿಗೆ ಎರಡು ತಿಂಗಳು ಉಳಿಯುತ್ತಿತ್ತು.

ಇವತ್ತೇ ಬೇಕಾದವರು ಏನು ಮಾಡಬೇಕು? ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಮಕ್ಕಳ ವಿಭಾಗಕ್ಕೆ ಹೋಗಿ "ರಕ್ತದಲ್ಲಿ ಸೀಸದ ಪ್ರಮಾಣ ನೋಡಬೇಕು" ಎಂದು ಹೆಸರು ಹೇಳಿಯೇ ಕೇಳಿ. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಅದು ಬರುವುದಿಲ್ಲ. ಎಲ್ಲ ರಿಪೋರ್ಟ್ ನಾರ್ಮಲ್ ಎಂದು ಚೀಟಿ ಕೊಟ್ಟರೂ ಸೀಸ ನೋಡಿರುವುದಿಲ್ಲ. ದೊಡ್ಡ ಖಾಸಗಿ ಲ್ಯಾಬ್‌ಗಳು ನಿಮ್ಮೂರಿನಲ್ಲೇ ಮಾದರಿ ತೆಗೆದು ಬೆಂಗಳೂರು, ಮುಂಬೈಗೆ ಕಳಿಸುತ್ತವೆ. ಆದರೆ ಅವುಗಳ ದರ ದಿನಗೂಲಿಯವರ ಕೈಗೆಟುಕುವಂಥದ್ದಲ್ಲ. ರೋಟರಿ, ಲಯನ್ಸ್‌ನ ಗೆಳೆಯರು ಈ ಸಭೆಯಲ್ಲಿದ್ದಾರೆ. ಕಣ್ಣಿನ ಶಿಬಿರಗಳನ್ನು ನೀವು ಎಷ್ಟೋ ವರ್ಷಗಳಿಂದ ಚೆನ್ನಾಗಿ ನಡೆಸುತ್ತ ಬಂದಿದ್ದೀರಿ. ಒಂದು ಯಂತ್ರ, ಒಂದಿಷ್ಟು ಪಟ್ಟಿ ತರಿಸಿ ಒಂದು ಓಣಿಯ ಮಕ್ಕಳನ್ನು ನೋಡುವುದು ಅದಕ್ಕಿಂತ ಕಷ್ಟದ ಕೆಲಸವಲ್ಲ. ಬಂದ ಅಂಕಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಬರೆದು ಕೊಡುವುದನ್ನು ಮಾತ್ರ ಮರೆಯಬೇಡಿ.

ಔಷಧಿ ಇದೆಯಲ್ಲ, ಆಮೇಲೆ ಕೊಟ್ಟರಾಯಿತು ಎನ್ನುವವರಿಗೆ ಒಂದು ಮಾತು. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿ ಉಂಟು. ಮಟ್ಟ 45 ಮುಟ್ಟಿದ ಮಕ್ಕಳಿಗೆ ಅದನ್ನು ಕೊಡಲೇಬೇಕು, ಜೀವ ಉಳಿಸುತ್ತದೆ. ಅದಕ್ಕಿಂತ ಕೆಳಗಿನ, 20ರಿಂದ 44ರ ಮಟ್ಟದ 780 ಮಕ್ಕಳ ಮೇಲೆ ಅಮೆರಿಕದಲ್ಲಿ ಪ್ರಯೋಗ ಮಾಡಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ರಕ್ತದ ಸೀಸ ಇಳಿಯಿತು, ಬುದ್ಧಿಶಕ್ತಿ ಮಾತ್ರ ಸುಧಾರಿಸಲಿಲ್ಲ. ಹೋದದ್ದು ಹೋಯಿತು. ಆದ್ದರಿಂದಲೇ ಲಕ್ಷಣ ಕಾಣುವ ತನಕ ಕಾಯುವಂತಿಲ್ಲ. ಮೂಲವನ್ನು ಹುಡುಕಿ ಮಗುವನ್ನು ಅದರಿಂದ ದೂರ ಮಾಡಬೇಕು, ಕಬ್ಬಿಣ ಮತ್ತು ಕ್ಯಾಲ್ಸಿಯಂ ಸಿಗುವ ಊಟ ಕೊಡಬೇಕು, ಪೊರಕೆಯಿಂದ ಧೂಳೆಬ್ಬಿಸದೆ ಒದ್ದೆ ಬಟ್ಟೆಯಿಂದ ನೆಲ ಒರೆಸಬೇಕು.

ನನ್ನ ಆ ಹುಡುಗನ ಮನೆಯಲ್ಲಿ ಇವಿಷ್ಟನ್ನೂ ಮಾಡಿದರು. ತಂದೆ ಹಿತ್ತಲಿನ ಒಲೆಯನ್ನು ಕಿತ್ತುಹಾಕಿ ಊರಾಚೆ ಬೇರೆಯವರ ಬಳಿ ಕೆಲಸಕ್ಕೆ ಸೇರಿದರು. ಕೆಲಸದ ಬಟ್ಟೆಯನ್ನು ಅಲ್ಲೇ ಬಿಚ್ಚಿಟ್ಟು, ಸ್ನಾನ ಮಾಡಿ ಬರತೊಡಗಿದರು. ಹಿತ್ತಲಿಗೆ ಹೊಸ ಮಣ್ಣು ಹೊಡೆಸಿ, ಮೇಲೆ ಚಪ್ಪಡಿ ಹಾಸಿದರು. ತಿಂಗಳೊಳಗೆ ಮತ್ತೆ ಪರೀಕ್ಷೆ ಮಾಡಬೇಕಿತ್ತು. ಹಣ ಹೊಂದಿಸಿಕೊಂಡು ಬರುವ ಹೊತ್ತಿಗೆ ಮೂರು ತಿಂಗಳಾಗಿತ್ತು. ಈ ಸಲ 27. ಹುಡುಗ ಸರಿಯಾಗಿ ಉಣ್ಣುತ್ತಿದ್ದ, ಹೊಟ್ಟೆನೋವು ನಿಂತಿತ್ತು.

ಅವತ್ತು ತಾಯಿಯ ಕಂಕುಳಲ್ಲಿ ಹತ್ತು ತಿಂಗಳ ಅವನ ತಂಗಿಯಿದ್ದಳು. ದುಂಡಗಿದ್ದಳು, ನನ್ನ ಸ್ಟೆತಾಸ್ಕೋಪ್ ಹಿಡಿದು ಎಳೆದು ನಗುತ್ತಿದ್ದಳು. ಆಕೆಗೆ ಏನೂ ಆಗಿಲ್ಲವೆಂದು ಆಣೆ ಮಾಡಿ ಹೇಳಬಹುದಿತ್ತು. ಅವಳ ರಕ್ತವನ್ನೂ ಕಳಿಸಿದೆ. ಅವಳದು 19 ಬಂತು. ಇಬ್ಬರನ್ನೂ ಒಟ್ಟಿಗೇ ಕರ್ಕೊಂಡು ಬರ್ಲಾ ಎಂದು ಆ ತಾಯಿ ಕೇಳಿದರು. ಹೌದಮ್ಮ, ಇನ್ನು ಮೇಲೆ ಇಬ್ಬರನ್ನೂ ಒಟ್ಟಿಗೇ ಕರೆತನ್ನಿ ಎಂದೆ.